ಅಟ್ಟದಿಂದ ಇಳಿದ ಬೇಸ್ ಗಿಟಾರ್

ಹತ್ತನೇ ತರಗತಿಯ ಪರೀಕ್ಷೆ ಮುಗಿಸಿದ್ದ ಹುಡುಗನೊಬ್ಬ ಕಳೆದ ಬೇಸಿಗೆ ರಜೆಯಲ್ಲಿ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ಹೊತ್ತು ನಮ್ಮ ಮನೆಗೆ ಬಂದ. ಬಿಚ್ಚಿದರೆ ಎಲೆಕ್ಟ್ರಿಕ್ ಬೇಸ್ ಗಿಟಾರ್! ನಾಲ್ಕು ತಂತಿಗಳಲ್ಲಿ ಒಂದು ತುಂಡಾಗಿತ್ತು. ಉಳಿದ ಮೂರಕ್ಕೆ ಕೆಂಪು ತುಕ್ಕು. ಬಿರಡೆಗಳು ತಿರುಗುತ್ತಿರಲಿಲ್ಲ. ಸದ್ದು ಹೆಚ್ಚು ಕಡಿಮೆ ಮಾಡುವ ಎರಡು ಗುಂಡಿಗಳೂ ಕಾಣೆಯಾಗಿದ್ದವು.

‘ಅಪ್ಪ ಆರ್ಕೆಸ್ಟ್ರಾದಲ್ಲಿ ಬಾರಿಸ್ತಿದ್ರು ಸಾ. ಈಗ ಗುಜರಿಗೆ ಹಾಕ್ತೀನಿ ಅಂತವ್ರೆ. ಇದು ಸರಿ ಆಯ್ತದಾ?’

ಶಾಲೆಯ ಆಂಪ್ಲಿಫಯರ್ ತಂದು ಜೋಡಿಸಿದೆ. ತಂತಿ ಮೀಟಿದರೆ ನಾದವಿಲ್ಲ, ಬರೀ ‘ಗುಂಯ್’ ಎನ್ನುವ ಸದ್ದು. ‘ಸತ್ತಿದೆ ಕಣಯ್ಯ, ನಿಮ್ಮಪ್ಪ ಹೇಳಿದ್ದೇ ಸರಿ’ ಎಂದುಬಿಟ್ಟೆ. ಹುಡುಗ ಮಾತಾಡದೆ ಗೋಣಿತಾಟು ಸುತ್ತತೊಡಗಿದ. ಆಗ ನನಗೇ ನಾಚಿಕೆಯಾಯಿತು. ಅಳೆಯದೆ ತೀರ್ಪು ಕೊಡಬಾರದೆಂದು ಮೂರು ದಶಕಗಳಿಂದ ಪಾಠ ಹೇಳುತ್ತಿರುವ ವಿಜ್ಞಾನದ ಮೇಷ್ಟ್ರು ನಾನು! ಮಲ್ಟಿಮೀಟರನ್ನು ಕೈಗೂ ತೆಗೆದುಕೊಂಡಿರಲಿಲ್ಲ. ‘ಇರು, ಇಲ್ಲೇ ಇಟ್ಟು ಹೋಗು’ ಎಂದೆ.

ಬೇಸ್ ಗಿಟಾರ್ ಎಂದರೆ ಹಾಡಿನ ತಳಪಾಯದಂಥ ತಗ್ಗು ಸ್ವರಗಳನ್ನು ನುಡಿಸುವ ವಾದ್ಯ. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅತಿ ತೆಳುವಾದದ್ದು 98 ಸಲ. ಈ ವಾದ್ಯವನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಲಿಯೋ ಫೆಂಡರ್. ಅವನು ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. 1951ರಲ್ಲಿ ಅವನ ಬೇಸ್ ಗಿಟಾರ್ ಮಾರುಕಟ್ಟೆಗೆ ಬಂತು. ಮರದ ದಿಮ್ಮಿಯಂಥ ಅದರ ಒಡಲಿನಲ್ಲಿ ವೀಣೆಯ ಕೊಡದಂತೆ ಟೊಳ್ಳಿಲ್ಲ. ಹಾಗಾದರೆ ನಾದ ಹೇಗೆ ಹೊರಡುತ್ತದೆ?

ಗುಟ್ಟು ಇರುವುದು ತಂತಿಗಳ ಕೆಳಗಿನ ‘ಪಿಕಪ್’ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ಅದರೊಳಗೆ ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಆ ತಾಮ್ರದ ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್, ನಮ್ಮ ತಲೆಕೂದಲಿನಷ್ಟು. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಹತ್ತನೇ ತರಗತಿಯ ಪಾಠ! ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಇದೇ ಹುಡುಗ ಈ ಪ್ರಶ್ನೆಯನ್ನು ಮುಟ್ಟದೆ ಬಂದಿದ್ದ. ‘ಇವನಿಗೆ ಹತ್ತುವುದಿಲ್ಲ’ ಎಂದು ನಾನು ಆಗಲೇ ಅವನ ಬಗ್ಗೆಯೂ ಒಂದು ತೀರ್ಪು ಬರೆದಿಟ್ಟಿದ್ದೆ.

ಮರುದಿನ ಇಬ್ಬರೂ ಕುಳಿತು ಪಿಕಪ್ ಬಿಚ್ಚಿದೆವು. ಅದು ಎರಡು ತುಂಡುಗಳದ್ದು. ಒಂದರ ರೋಧ ಸುಮಾರು 5,000 ಓಮ್ ತೋರಿಸಿತು, ಇನ್ನೊಂದರಲ್ಲಿ ಮೀಟರ್ ಅಲುಗಲೇ ಇಲ್ಲ. ‘ಎರಡನ್ನೂ ಸರಣಿಯಲ್ಲಿ ಜೋಡಿಸವ್ರೆ ಸಾ, ಸೀರಿಯಲ್ ಸೆಟ್ ಥರ. ಒಂದು ಹೋದ್ರೆ ಎಲ್ಲಾ ಹೋಯ್ತು’ ಎಂದ ಹುಡುಗ. ನಾನು ಅವನ ಮುಖವನ್ನೇ ನೋಡಿದೆ. ಭೂತಗನ್ನಡಿ ಹಿಡಿದು ಹುಡುಕಿದವನೂ ಅವನೇ. ಬೆಸುಗೆಯ ಪಕ್ಕದಲ್ಲಿ ಸಾಸಿವೆಗಿಂತ ಚಿಕ್ಕ ಹಸಿರು ಚುಕ್ಕೆಯೊಂದು ಸಿಕ್ಕಿತು. ಕೂದಲಿನಂಥ ತಾಮ್ರ ಅಲ್ಲಿ ಕಿಲುಬಿ ತುಂಡಾಗಿತ್ತು. ಸುರುಳಿ ಒಳಗೆ ಚೆನ್ನಾಗಿಯೇ ಇತ್ತು. ಹಿಂದಿನ ದಿನ ಕೇಳಿದ ‘ಗುಂಯ್’ ಸಾವಿನ ಲಕ್ಷಣವಾಗಿರಲಿಲ್ಲ. ಎಲ್ಲೋ ತಂತಿ ಕಡಿದಿದೆ ಎಂಬ ಸುಳಿವಾಗಿತ್ತು.

ಇಷ್ಟು ಸಣ್ಣ ತಂತಿ ಬೆಸೆಯಲು ನನ್ನ ಕೈ ನಡುಗುತ್ತದೆ. ಕನಕಪುರದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವರೊಬ್ಬರ ಬಳಿ ಹೋದೆವು. ತಂತಿಯ ಎನಾಮಲ್ ಲೇಪವನ್ನು ನವಿರಾಗಿ ಕೆರೆದು, ತುದಿಗೆ ಹೊಸ ತುಣುಕು ಸೇರಿಸಿ, ಒಂದೇ ಚುಕ್ಕೆ ಬೆಸುಗೆ ಹಾಕಿದರು. ಮೀಟರ್ ಎದ್ದಿತು. ‘ಮೋಟ್ರೂ ಇದೂ ಒಂದೇ ಜಾತಿ ಮೇಷ್ಟ್ರೇ, ಇದು ವಸಿ ಸಣ್ಣದು’ ಎಂದರು. ವಿಜ್ಞಾನವನ್ನು ಇದಕ್ಕಿಂತ ಸರಳವಾಗಿ ಹೇಳಲು ನನಗೂ ಬಾರದು.

ಇಷ್ಟೊಂದು ತುಕ್ಕು ಎಲ್ಲಿಂದ ಬಂತು? ಗಿಟಾರ್ ಇದ್ದದ್ದು ರೇಷ್ಮೆಹುಳು ಸಾಕುವ ಮನೆಯ ಅಟ್ಟದಲ್ಲಿ, ಚಂದ್ರಿಕೆಗಳ ಪಕ್ಕ. ಹುಳುಗಳಿಗೆ ತೇವವಿರುವ ಗಾಳಿ ಬೇಕು. ಮರಿಹುಳುಗಳಿಗಂತೂ ಶೇಕಡಾ 80ಕ್ಕೂ ಹೆಚ್ಚು ಆರ್ದ್ರತೆ ಇರಬೇಕು. ರೋಗ ತಡೆಯಲು ಮನೆಗೆ ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುತ್ತಾರೆ, ಅದರ ಕ್ಲೋರಿನ್ ಉಕ್ಕನ್ನು ಬೇಗ ತಿನ್ನುತ್ತದೆ. ಹುಳುವಿಗೆ ಹಿತವಾದದ್ದು ತಂತಿಗೆ ಶತ್ರು!

ತಂತಿ ಎಂದಾಗ ಚನ್ನಪಟ್ಟಣದ ಮಾತು ಬರಲೇಬೇಕು. ಬೊಂಬೆಗಳಿಂದ ಆ ಊರು ಎಲ್ಲರಿಗೂ ಗೊತ್ತು. ಆದರೆ 1800ರಲ್ಲಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಇನ್ನೊಂದು ಸಂಗತಿ ಬರೆದಿದ್ದಾನೆ. ಅಲ್ಲಿನ ಕುಟುಂಬವೊಂದು ವಾದ್ಯಗಳಿಗೆ ಉಕ್ಕಿನ ತಂತಿ ತಯಾರಿಸುತ್ತಿತ್ತು, ಅದಕ್ಕೆ ದೇಶದ ದೂರದೂರದ ಮೂಲೆಗಳಲ್ಲೂ ಬೇಡಿಕೆಯಿತ್ತು. ಎಷ್ಟೋ ವೀಣೆಗಳಿಗೆ ನಮ್ಮ ಸೀಮೆಯ ತಂತಿ ನಾದ ಕೊಟ್ಟಿರಬೇಕು. ಆ ಕಸುಬು ಈಗ ಉಳಿದಿಲ್ಲ. ನಾವು ಹೊಸ ತಂತಿಗಳನ್ನು ಬೆಂಗಳೂರಿನಿಂದ ತರಿಸಬೇಕಾಯಿತು.

ಬೇಸ್ ತಂತಿ ಉಕ್ಕಿನ ಎಳೆಯ ಮೇಲೆ ಇನ್ನೊಂದು ತಂತಿ ಸುತ್ತಿ ಮಾಡಿದ್ದು. ತಂತಿ ಭಾರವಾದಷ್ಟೂ ಸ್ವರ ತಗ್ಗುತ್ತದೆ. ಆದರೆ ದಪ್ಪ ಸರಳನ್ನೇ ಕಟ್ಟಿದರೆ ಅದು ಬಾಗದೆ ನಾದ ಕೆಡುತ್ತದೆ. ಸುತ್ತಿದಾಗ ಭಾರವೂ ಬರುತ್ತದೆ, ಬಳುಕೂ ಉಳಿಯುತ್ತದೆ. ಇಂದಿನ ವೀಣೆಯ ಮಂದ್ರದ ತಂತಿಗೂ ಇದೇ ಉಪಾಯ. ಶ್ರುತಿಗೆ ಏರಿಸಿದಾಗ ನಾಲ್ಕೂ ತಂತಿಗಳ ಎಳೆತ ಸೇರಿ ಸುಮಾರು 75 ಕಿಲೋ ತೂಕದಷ್ಟಾಗುತ್ತದೆ. ಅದನ್ನು ತಾಳಲು ಕತ್ತಿನೊಳಗೆ ಉಕ್ಕಿನ ಸರಳೊಂದಿದೆ. ಬಾಗಿದ್ದ ಕತ್ತನ್ನು ನೇರ ಮಾಡಲು ಅದರ ತಿರುಪನ್ನು ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ ಒಂದು ದಿನ ಕಾಯುತ್ತಿದ್ದೆವು. ಹೀಗೆ ನಾಲ್ಕು ದಿನ ಹಿಡಿಯಿತು. ಆತುರಪಟ್ಟರೆ ಸರಳು ಮುರಿಯುತ್ತದೆ.

ಕಾಣೆಯಾದ ಗುಂಡಿಗಳನ್ನು ಚನ್ನಪಟ್ಟಣದಲ್ಲೇ ಹಾಲೆ ಮರದಲ್ಲಿ ಕಡೆಸಿದೆವು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಕಪ್ಪು ಗಿಟಾರಿಗೆ ಎರಡು ಕೆಂಪು ಗುಂಡಿಗಳು!

ನುಡಿಸಿ ನೋಡುವ ದಿನ ಹುಡುಗನ ತಂದೆಯೂ ಬಂದರು, ಬಾಗಿಲ ಬಳಿಯೇ ನಿಂತರು. ಕೀಬೋರ್ಡಿನವನು ಎಡಗೈಯಲ್ಲೇ ಬೇಸ್ ನುಡಿಸತೊಡಗಿದ ಮೇಲೆ ತಂಡದವರು ಇವರನ್ನು ಕರೆಯುವುದನ್ನೇ ಬಿಟ್ಟಿದ್ದರಂತೆ. ಹುಡುಗ ಒಂದೊಂದಾಗಿ ತಂತಿ ಮೀಟಿದ. ಮೂರನೆಯದಕ್ಕೆ ಅವರು, ‘ಅದು ಇನ್ನೂ ಒಸಿ ಇಳಿದದೆ ಕಣೋ’ ಎಂದರು. ಒಳಗೆ ಬಂದು ಬಿರಡೆ ತಿರುಗಿಸಿದರು. ಆಮೇಲೆ ಅರ್ಧ ಗಂಟೆ ಗಿಟಾರ್ ಅವರ ತೊಡೆಯ ಮೇಲೇ ಇತ್ತು. ಗುಜರಿಯ ಮಾತು ಯಾರೂ ಎತ್ತಲಿಲ್ಲ.

ಹುಡುಗನಿಗೆ ವಿಜ್ಞಾನದಲ್ಲಿ ಬಂದದ್ದು ಪಾಸು ಅಂಕ, ಅಷ್ಟೇ. ಈಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. ಪೋಷಕರೇ, ಅಂಕಪಟ್ಟಿಯೂ ಒಂದು ಮೀಟರು. ಆದರೆ ಕಡ್ಡಿಯನ್ನು ಎಲ್ಲಿ ಇಟ್ಟು ಅಳೆದಿದ್ದೇವೆ ಎಂಬುದನ್ನೂ ನೋಡಬೇಕು. ಇದನ್ನು ನಾನೇ ಈಗ ಕಲಿತೆ.

ಮಾಡಿ ನೋಡಿ: ಎನಾಮಲ್ ತಾಮ್ರದ ತಂತಿಯನ್ನು ಕಾಗದದ ಕೊಳವೆಗೆ 200 ಸುತ್ತು ಸುತ್ತಿ. ಅದರ ಎರಡೂ ತುದಿಗಳಿಂದ ಉದ್ದನೆಯ ತಂತಿ ಎಳೆದು, ಎರಡು ಮೀಟರ್ ದೂರದ ದಿಕ್ಸೂಚಿಯೊಂದಕ್ಕೆ 50 ಸುತ್ತು ಸುತ್ತಿ ಜೋಡಿಸಿ. ಜೋಡಿಸುವ ತುದಿಗಳ ಲೇಪವನ್ನು ಕೆರೆಯಲು ಮರೆಯಬೇಡಿ. ಬಲವಾದ ಅಯಸ್ಕಾಂತವನ್ನು ಕೊಳವೆಯೊಳಗೆ ಸರಕ್ಕನೆ ತೂರಿಸಿ, ಹೊರಗೆಳೆಯಿರಿ. ಸೂಜಿ ಮಿಸುಕುತ್ತದೆ. ಅದೇ ಪಿಕಪ್‌ನ ಜೀವ. ಆದರೆ ಆಂಪ್ಲಿಫಯರನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.