ಹಳೆಯ ಒಲೆಗಳಿಗೆ ವಿಮೆ

ಕಟ್ಟಿಗೆಯ ಒಲೆಯುಳ್ಳ ಮನೆಗೆ ವಿಮೆ ನೀಡುವ ಮುನ್ನ ಕೆನಡಾದ ಅನೇಕ ವಿಮಾಸಂಸ್ಥೆಗಳು ಕಟ್ಟಿಗೆ ಒಲೆಗಳ ತಪಾಸಣೆಗಾಗಿ ನೀಡುವ ‘ವೆಟ್’ ಅರ್ಹತೆಯುಳ್ಳ ಪರೀಕ್ಷಕರ ವರದಿಯನ್ನಪೇಕ್ಷಿಸುವುದು ನ್ಯಾಯವೇ ಸರಿ. ಹೊಗೆಕೊಳವೆಯಲ್ಲಿ ಸಂಚಯವಾದ ಕ್ರಿಯೋಸೋಟ್ ಎಂಬ ಹೊಗೆಯ ಜಿಡ್ಡು ಹೊತ್ತಿಕೊಂಡರೆ ಮನೆಯೇ ಭಸ್ಮವಾದೀತು. ಆದರೆ ಪ್ರಮಾಣಮುದ್ರೆಯಿಲ್ಲವೆಂಬ ಏಕಮಾತ್ರ ಕಾರಣದಿಂದ ಹಳೆಯ ಒಲೆಗಳನ್ನು ನಿರಾಕರಿಸುವುದನ್ನು ನಾವು ಒಪ್ಪಲಾರೆವು. 1998ರ ಜನವರಿಯಲ್ಲಿ ಮಂಜುಗಟ್ಟಿದ ಮಳೆಯಿಂದ ಕ್ವಿಬೆಕ್ ಮತ್ತು ಒಂಟಾರಿಯೊ ಪ್ರಾಂತಗಳ ಎಷ್ಟೋ ಮನೆಗಳು ವಾರಗಟ್ಟಲೆ ವಿದ್ಯುತ್ತಿಲ್ಲದೆ ಕಳೆದುದನ್ನು ಬಲ್ಲ ಗೃಹಸ್ಥನು ಒಲೆಯನ್ನು ತ್ಯಜಿಸನು, ವಿಮೆಯನ್ನೇ ತ್ಯಜಿಸಿಯಾನು. ಆಗ ಅಪಾಯವು ಹಾಗೆಯೇ ಉಳಿದು, ಪರೀಕ್ಷೆ ಮಾತ್ರ ತಪ್ಪುವುದು.

ಮುದ್ರೆಯಿಲ್ಲದ ಒಲೆಗೂ ದಹನಶೀಲ ಗೋಡೆಗೂ ನಡುವೆ 1200 ಮಿಲಿಮೀಟರ್ ಅಂತರವಿರಬೇಕೆಂದೂ, ಯೋಗ್ಯ ರಕ್ಷಾಫಲಕವಿದ್ದಲ್ಲಿ ಅದನ್ನು ತಗ್ಗಿಸಬಹುದೆಂದೂ ಒಲೆಗಳ ಅಳವಡಿಕೆಗೆ ಸಂಬಂಧಿಸಿದ ಆ ದೇಶದ ಬಿ365 ಸಂಹಿತೆಯೇ ವಿಧಿಸಿರುವುದರಿಂದ, ಈ ನಿಯಮಕ್ಕೊಳಪಟ್ಟು ಕೊಳವೆಯನ್ನು ವರ್ಷಂಪ್ರತಿ ಶುಚಿಗೊಳಿಸುವವರಿಗೆ ವಿಮೆಯನ್ನು ನಿರಾಕರಿಸಕೂಡದು.