ಮನೆಯ ಆರೈಕೆಗೂ ಲೆಕ್ಕ ಬೇಕು



ತೊಗರಿಗೆ ಬೆಲೆ ಕೇಳುವಾಗ ಬೀಜ, ಗೊಬ್ಬರ, ಎಣ್ಣೆ, ಆಳಿನ ಕೂಲಿ ಎಲ್ಲವನ್ನೂ ಲೆಕ್ಕ ಹಿಡಿಯುತ್ತೇವೆ. ದಿಲ್ಲಿಯ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಕೂಡ ಹೊಲದಲ್ಲಿ ಮನೆ ಮಂದಿ ದುಡಿದದ್ದಕ್ಕೆ ಬೆಲೆ ಕಟ್ಟುತ್ತದೆ. ಆದರೆ ಅದೇ ಮನೆಯ ಪಡಸಾಲೆಯಲ್ಲಿ ಲಕ್ವಾ ಹೊಡೆದು ಮಲಗಿದ ಮಾವನನ್ನೋ, ನಡೆಯಲು ಬಾರದ ಮಗನನ್ನೋ ಹಗಲು ರಾತ್ರಿ ನೋಡಿಕೊಳ್ಳುವ ಹೆಣ್ಣುಮಗಳ ದುಡಿಮೆ ಯಾರ ಲೆಕ್ಕದಲ್ಲಿದೆ?

ನಮ್ಮವರನ್ನ ನಾವು ನೋಡಿಕೊಳ್ಳಾಕ ಲೆಕ್ಕ ಯಾಕ್ರೀ ಅಂತ ನೀವು ಕೇಳಬಹುದು. ಮಾತು ದೊಡ್ಡದು, ಖರೆ. ಆದರೆ ಸಾಲದ ಬಡ್ಡಿ ದೊಡ್ಡ ಮಾತಿಗೆ ನಿಲ್ಲುವುದಿಲ್ಲ. ಅಫಜಲಪುರ, ಆಳಂದ, ಜೇವರ್ಗಿ ಕಡೆ ಒಬ್ಬ ಹೆಣ್ಣುಮಗಳು ಹೊಲ ಬಿಟ್ಟು ಮನೆಯಲ್ಲಿ ನಿಂತರೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಒಂದು ಆಳು ಹೆಚ್ಚು ಹಿಡಿಯಬೇಕು. ಕಲಬುರಗಿ ದವಾಖಾನೆಗೆ ಹೋದರೆ ಗಾಡಿ ಬಾಡಿಗೆ, ಜೊತೆಗೆ ಹೋದವನ ಒಂದು ದಿನದ ದುಡಿಮೆ. ಪಟ್ಟಣದಿಂದ ಆರೈಕೆಗೆ ಆಳು ತರಿಸಬೇಕೆಂದರೆ ಪಗಾರ, ಊಟ, ವಸತಿ. ಮಳೆ ನಂಬಿದ ಮನೆಗೆ ಅದು ಆಗುವ ಮಾತಲ್ಲ. ಕೊನೆಗೆ ಶಾಲೆ ಬಿಡುವವಳು ಹಿರಿಮಗಳು. ಬೆಳೆಸಾಲವೆಂದು ತಂದ ದುಡ್ಡು ಔಷಧಕ್ಕೆ ಹೋಗುತ್ತದೆ. ಸಾಲ ತೀರದಿದ್ದರೆ ರೈತನೇ ದುಂದುಗಾರ ಅನ್ನಿಸಿಕೊಳ್ಳುತ್ತಾನೆ.

ನಾವು ಕೇಳುವುದು ದಾನವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮಿನಲ್ಲಿ, ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂದು ಬರೆದಿದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಬಾಲವೂ ಅಲ್ಲೇ ಇದೆ. ಸರ್ಕಾರಗಳು ಗಟ್ಟಿಯಾಗಿ ಹಿಡಿದದ್ದು ಆ ಬಾಲವನ್ನೇ. ಕೇರಳದವರು 2010ರಲ್ಲೇ ಆಶ್ವಾಸಕಿರಣಂ ಎಂದು ಆರೈಕೆ ಮಾಡುವವರಿಗೆ ತಿಂಗಳ ಸಹಾಯಧನ ಶುರು ಮಾಡಿದರು. ನಮ್ಮ ರಾಜ್ಯ 2024-25ರ ಬಜೆಟ್ಟಿನಲ್ಲಿ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಅದೂ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇದ್ದವರ ಮನೆಗೆ. ದಿನಕ್ಕೆ 33 ರೂಪಾಯಿ ಆಯಿತು. ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಹುರಿ ಮುರಿದವನು, ಲಕ್ವಾ ಹೊಡೆದವನು ಆ ಘೋಷಣೆಯಲ್ಲಿ ಇಲ್ಲ. ಹಾಸಿಗೆ ಹಿಡಿದವನನ್ನು ಎತ್ತಿ ತೊಳೆಯುವ ಕೆಲಸ ರೋಗದ ಹೆಸರು ನೋಡಿ ಹಗುರಾಗುತ್ತದೆಯೇ?

ಆದ್ದರಿಂದ ನಮ್ಮ ಬೇಡಿಕೆ ಮೂರು. ಭತ್ಯೆ ರೋಗದ ಹೆಸರಿಗಲ್ಲ, ಬೇಕಾದ ಆರೈಕೆಗೆ ಸಿಗಬೇಕು. ಅದರ ದರ ಹೊಲದ ಕನಿಷ್ಠ ಕೂಲಿಯನ್ನು ನೋಡಿ ಗೊತ್ತಾಗಬೇಕು. ಪಂಚಾಯಿತಿ ತನ್ನ ಆದಾಯದಲ್ಲಿ ಅಂಗವಿಕಲರಿಗೆಂದು ತೆಗೆದಿಡಬೇಕಾದ ಶೇ. 5ರ ಹಣದಿಂದ ಊರಿನದೇ ಒಬ್ಬ ಹೆಣ್ಣುಮಗಳಿಗೆ ತರಬೇತಿ, ಪಗಾರ ಕೊಡಬೇಕು. ಆಕೆ ದಿನಕ್ಕೆರಡು ತಾಸು ಇಂಥ ಮನೆಗಳಿಗೆ ಹೋದರೆ ಮನೆಯಾಕೆಗೆ ಉಸಿರಾಡಲು ಬಿಡುವು ಸಿಕ್ಕೀತು, ಹುಡುಗಿ ಶಾಲೆಗೆ ತಿರುಗಿ ಹೋದಾಳು.

ಕಾಯ್ದೆಯ 38ನೇ ಕಲಮಿನಂತೆ, ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರ ಇದ್ದವರು ಹೆಚ್ಚಿನ ನೆರವಿಗೆ ಅರ್ಜಿ ಹಾಕಬಹುದು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಂದ ಅರ್ಜಿ ಬರೆಸಿರಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಶೇ. 5ರ ಹಣ ಎಲ್ಲಿ ಹೋಯಿತೆಂದು ಎದ್ದು ನಿಂತು ಕೇಳಿರಿ. ತೊಗರಿ ಬೆಲೆಗೆ ರಸ್ತೆಗಿಳಿದವರು ಮನೆಯ ಹೆಣ್ಣುಮಗಳ ದುಡಿಮೆಯ ಬೆಲೆ ಕೇಳಲು ಸಂಕೋಚಪಡಬಾರದು.