ಕೊನೆಯ ಫೋಟೋ ಆದಮೇಲೆ

2020ರ ನವೆಂಬರ್ 22. ಸ್ಪೇನ್-ಫ್ರಾನ್ಸ್ ಗಡಿಯ ಪಿರೆನೀಸ್ ಬೆಟ್ಟಗಳಲ್ಲಿ ಒಬ್ಬರೇ ಚಾರಣ ಹೊರಟಿದ್ದ ಬ್ರಿಟಿಷ್ ಮಹಿಳೆಯೊಬ್ಬರು ಶಿಖರದ ಮೇಲಿಂದ ಸಂಗಾತಿಗೆ ಫೋಟೋ ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ.

ಈ ಕಥೆ ಹೇಳಿದ ತಕ್ಷಣ ನಮ್ಮ ಹಾಸ್ಟೆಲಿನಲ್ಲಿ ಬಂದ ಮೊದಲ ಪ್ರಶ್ನೆ: "ಲೊಕೇಶನ್ ನೋಡಿದ್ರೆ ಆಯ್ತಲ್ವಾ ಮಗಾ?" ಜಿಪಿಎಸ್ ಜಾಗ ಹೇಳೋದು ಫೋನಿಗೆ. ಅದು ಹೊರಗೆ ಹೋಗೋಕೆ ಟವರ್ ಸಿಗಬೇಕು. ಕಮ್ಯುನಿಕೇಶನ್ ಪರೀಕ್ಷೆ ಪಾಸಾದ ನಮಗೂ ಇದು ನೆನಪಾಗಲಿಲ್ಲ!

ಎರಡನೇ ಪ್ರಶ್ನೆ: "ಒಬ್ಬಳೇ ಯಾಕೆ ಹೋಗ್ಬೇಕಿತ್ತು?" ಇದನ್ನು ನಾವು ಒಪ್ಪಲ್ಲ. ಒಬ್ಬನೇ ಹೋದ ಗಂಡಸು ಕಾಣೆಯಾದರೆ ಯಾರೂ ಹೀಗೆ ಕೇಳಲ್ಲ. ಬೆಟ್ಟ ಅವರಿಗೆ ಹೊಸದೂ ಅಲ್ಲ.

ಎರಡೂ ದೇಶದವರು ಹುಡುಕಿದರು, ಹೆಲಿಕಾಪ್ಟರ್ ಹಾರಿತು. ಹಿಮ ಬಿದ್ದು ಎಲ್ಲ ನಿಂತಿತು. ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ತರಹೇವಾರಿ ಕಥೆಗಳು, ಸಂಗಾತಿಯ ಮೇಲೂ ಅನುಮಾನ. ಆತ ಮಾತ್ರ ಬೆಟ್ಟ ಬಿಡಲಿಲ್ಲ. ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದು ಹುಡುಕಿದರು. ಜುಲೈಯಲ್ಲಿ ಒಂದು ಮೂಳೆ ಸಿಕ್ಕಿತು, ಡಿಎನ್‌ಎ ಹೊಂದಿತು. 2021ರ ಆಗಸ್ಟ್ 9ರಂದು ದೇಹ ಸಿಕ್ಕಿದ್ದು ಆತನಿಗೇ. ಜಾರಿ ಬಿದ್ದದ್ದು, ಅಷ್ಟೇ.

ಯಾವ ಕಡೆ ಹೋಗ್ತೀನಿ, ಯಾವಾಗ ಬರ್ತೀನಿ ಅಂತ ಅವರು ಹೇಳಿಯೇ ಹೋಗಿದ್ದರು. ಹಾಗಿದ್ದೂ ಎಂಟೂವರೆ ತಿಂಗಳು ಹಿಡಿಯಿತು. ಕುಮಾರಪರ್ವತ ಹತ್ತೋಕೆ ಹೋಗುವಾಗ ನಾವು ಮನೆಯಲ್ಲಿ ಹೇಳೋದು, "ಫ್ರೆಂಡ್ ರೂಮಲ್ಲಿ ಓದ್ಕೊಳ್ತಿದೀವಿ ಅಮ್ಮ."